ಮನೆಯ ವಿಮಾನ ಸಿಮ್ಯುಲೇಟರ್ ಕಾಕ್‌ಪಿಟ್: ರೋಣ, ನರಗುಂದ, ಗಜೇಂದ್ರಗಡದ ಬಿಸಿಲಿನಲ್ಲಿ ತಂಪು ಮತ್ತು ಗಾಳಿಯಾಟ

ಮನೆಯ ವಿಮಾನ ಸಿಮ್ಯುಲೇಟರ್ ಕಾಕ್‌ಪಿಟ್ ಎಂದರೆ ವಿಮಾನದ ಚಾಲಕಕೋಣೆಯ ಅಳತೆಗೆ ಪ್ಲೈವುಡ್, ಎಂಡಿಎಫ್ ಹಲಗೆ ಇಲ್ಲವೆ ಅಲ್ಯೂಮಿನಿಯಂ ಚೌಕಟ್ಟಿನಿಂದ ಮನೆಯೊಳಗೇ ಕಟ್ಟಿಕೊಂಡ ಮುಚ್ಚಿದ ಗೂಡು. ಒಳಗೆ ಆಸನ, ಹ್ಯಾಂಡಲ್, ಪೆಡಲ್, ಗುಂಡಿಗಳ ಫಲಕ, ಮಾನಿಟರ್ ಅಥವಾ ಪ್ರೊಜೆಕ್ಟರ್, ಇವೆಲ್ಲವನ್ನೂ ನಡೆಸುವ ಕಂಪ್ಯೂಟರ್ ಇರುತ್ತವೆ. ಹೊರಗಿನ ಬೆಳಕು ಮತ್ತು ಸದ್ದು ಒಳಗೆ ಬಾರದಿದ್ದಾಗಲೇ ಹಾರಾಟದ ಭ್ರಮೆ ಗಟ್ಟಿಯಾಗುವುದರಿಂದ ಕಟ್ಟುವವರು ಸಂದುಗೊಂದುಗಳನ್ನೆಲ್ಲ ಮುಚ್ಚುತ್ತಾರೆ. ಬೆಳಕು ಹೋಗದ ಹಾಗೆ ಮುಚ್ಚಿದ ಜಾಗದಲ್ಲಿ ಗಾಳಿಯೂ ಆಡುವುದಿಲ್ಲ. ಈ ಹವ್ಯಾಸದ ದೊಡ್ಡ ತೊಡಕು ಇದೇ.

ಗದಗ ಜಿಲ್ಲೆಯ ಉತ್ತರದ ಮೂರು ತಾಲ್ಲೂಕುಗಳಾದ ರೋಣ, ನರಗುಂದ ಮತ್ತು ರೋಣದಿಂದ ಬೇರ್ಪಟ್ಟ ಗಜೇಂದ್ರಗಡದಲ್ಲಿ ಈ ತೊಡಕು ಇನ್ನಷ್ಟು ತೀವ್ರ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಎರೆ ಬಯಲಿನಲ್ಲಿ ಮಾರ್ಚ್‌ನಿಂದ ಮೇ ತನಕ ಒಣ ಝಳ. ಮಧ್ಯಾಹ್ನದ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುವುದು ಸಾಮಾನ್ಯ. ಆದರೆ ಸೆಖೆಯನ್ನೂ ಮುಚ್ಚಿದ ಜಾಗವನ್ನೂ ಹೇಗೆ ನಿಭಾಯಿಸಬೇಕೆಂಬ ಹಳೆಯ ತಿಳಿವಳಿಕೆ ಇಲ್ಲಿನ ಮಾಳಿಗೆ ಮನೆ, ಹಗೇವು ಮತ್ತು ಕುಣಿಮಗ್ಗಗಳಲ್ಲಿ ಈಗಲೂ ಇದೆ. ಕಾಕ್‌ಪಿಟ್ ಕಟ್ಟುವವರಿಗೆ ಅದಕ್ಕಿಂತ ಹತ್ತಿರದ ಪಾಠ ಬೇರೆಲ್ಲೂ ಸಿಗದು.

ಹಿನ್ನೆಲೆ

ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ ಹಾರಾಟ ಕಲಿಸುವ ಪದ್ಧತಿ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ 1929ರ ಹೊತ್ತಿಗೆ ರೂಪಿಸಿದ ತರಬೇತಿ ಯಂತ್ರ ಮರದ ಪುಟ್ಟ ವಿಮಾನದಂತಿತ್ತು. ಅವರ ತಂದೆಯ ಆರ್ಗನ್ ತಯಾರಿಕೆಯ ಕಾರ್ಖಾನೆಯಲ್ಲಿ ಬಳಸುತ್ತಿದ್ದ ತಿದಿಗಳೇ ಅದನ್ನು ಓಲಾಡಿಸುತ್ತಿದ್ದವು. ಮೇಲಿನ ಮುಚ್ಚಳ ಹಾಕಿಬಿಟ್ಟರೆ ಕಲಿಯುವವನಿಗೆ ಮೀಟರ್‌ಗಳ ಹೊರತು ಏನೂ ಕಾಣುತ್ತಿರಲಿಲ್ಲ. ಇಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಮತ್ತು ಕೆನಡಾದ ಸಿಎಇ ಸೇರಿ ನಡೆಸುವ ಹ್ಯಾಟ್ಸಾಫ್‌ನಲ್ಲಿ ಹೆಲಿಕಾಪ್ಟರ್ ಚಾಲಕರಿಗೆ ಸಿಮ್ಯುಲೇಟರ್ ತರಬೇತಿ ನಡೆಯುತ್ತದೆ. ಇಂಥ ದೊಡ್ಡ ಯಂತ್ರಗಳು ಹವಾನಿಯಂತ್ರಿತ ಸಭಾಂಗಣದಲ್ಲಿರುತ್ತವೆ. ಚಾಲಕನಿಗೆ ಒಂದು, ಯಂತ್ರಭಾಗಗಳಿಗೆ ಇನ್ನೊಂದು ಎಂದು ತಂಪುಗಾಳಿಯ ದಾರಿಗಳೂ ಬೇರೆ ಬೇರೆ. ನಿಜವಾದ ವಿಮಾನದಲ್ಲೂ ಹೀಗೆಯೇ. ಏರ್‌ಬಸ್ ಎ320ರಲ್ಲಿ ವಿದ್ಯುನ್ಮಾನ ಸಾಧನಗಳಿಗೆ ಗಾಳಿ ಊದುವ ಫ್ಯಾನ್ ಒಂದಿದ್ದರೆ ಬಿಸಿಗಾಳಿ ಎಳೆದು ತೆಗೆಯುವ ಫ್ಯಾನ್ ಇನ್ನೊಂದಿದೆ.

ಮನೆಗೆ ಈ ಹವ್ಯಾಸ ಬಂದದ್ದು ವೈಯಕ್ತಿಕ ಕಂಪ್ಯೂಟರಿನ ಜೊತೆಗೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 1982ರಲ್ಲಿ ಮೊದಲು ಹೊರಬಂತು. 2020 ಮತ್ತು 2024ರ ಆವೃತ್ತಿಗಳು ಬಲವಾದ ಗ್ರಾಫಿಕ್ಸ್ ಕಾರ್ಡ್ ಬೇಡುತ್ತವೆ. ಆ ಕಾರ್ಡ್ ನುಂಗುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬೀಳುತ್ತದೆ.

ಶಾಖದ ಲೆಕ್ಕ

ಕುಳಿತು ಕೈಕಾಲು ಆಡಿಸುವ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊಮ್ಮುತ್ತದೆ. ಸಿಮ್ಯುಲೇಟರ್ ಓಡಿಸುವ ಕಂಪ್ಯೂಟರ್ 400ರಿಂದ 600 ವ್ಯಾಟ್, ಪ್ರತಿ ಮಾನಿಟರ್ 30ರಿಂದ 50 ವ್ಯಾಟ್, ದೀಪ ಉರಿಯುವ ಪ್ರೊಜೆಕ್ಟರ್ 250ರಿಂದ 300 ವ್ಯಾಟ್. ಫಲಕದ ದೀಪಗಳು ಮತ್ತು ಅಡಾಪ್ಟರ್‌ಗಳನ್ನು ಕೂಡಿಸಿದರೆ ಎಲ್ಲವೂ ಒಳಗೇ ಇರುವ ಕಾಕ್‌ಪಿಟ್‌ನಲ್ಲಿ 1000 ವ್ಯಾಟ್ ಆಗುವುದು ಸುಲಭ. ಗೂಡಿನೊಳಗಿನ ಗಾಳಿ 2 ಘನ ಮೀಟರ್ ಎಂದುಕೊಳ್ಳೋಣ. ಗಾಳಿಯೊಂದನ್ನೇ ಲೆಕ್ಕಕ್ಕೆ ಹಿಡಿದರೆ 1000 ವ್ಯಾಟ್ ಶಾಖ ಅದನ್ನು 10 ಡಿಗ್ರಿ ಏರಿಸಲು ಅರ್ಧ ನಿಮಿಷವೂ ಬೇಕಿಲ್ಲ. ಹಲಗೆ, ಆಸನ ಮತ್ತು ಲೋಹಗಳೂ ಶಾಖ ಹೀರುವುದರಿಂದ ವಾಸ್ತವದಲ್ಲಿ ಕೆಲವು ನಿಮಿಷ ಹಿಡಿಯುತ್ತದೆ.

ಒಳಗಿನ ಗಾಳಿ ಕೋಣೆಗಿಂತ 5 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದರೆ ಎಷ್ಟು ಗಾಳಿ ಹಾಯಬೇಕು? ಸಮುದ್ರಮಟ್ಟದ ಸಾಮಾನ್ಯ ಗಾಳಿ ಘನ ಮೀಟರಿಗೆ 1.2 ಕಿಲೋ ತೂಗುತ್ತದೆ. 600 ಮೀಟರ್ ಎತ್ತರದಲ್ಲಿ, 35 ಡಿಗ್ರಿ ಸೆಖೆಯಲ್ಲಿ, ಅದೇ ಗಾಳಿಯ ತೂಕ 1.07 ಕಿಲೋ ಮಾತ್ರ. ಗಾಳಿ ತೆಳುವಾದಷ್ಟೂ ಅದು ಹೊತ್ತೊಯ್ಯುವ ಶಾಖವೂ ಕಡಿಮೆ. ಆದ್ದರಿಂದ ಮುಂಬಯಿಯಲ್ಲಿ ಅಥವಾ ಮಂಗಳೂರಿನಲ್ಲಿ ಸಾಕಾಗುವ ಫ್ಯಾನ್ ರೋಣದಲ್ಲಿ ತುಸು ಕಡಿಮೆ ಬೀಳುತ್ತದೆ. 1000 ವ್ಯಾಟ್ ಶಾಖಕ್ಕೆ ಇಲ್ಲಿ ಗಂಟೆಗೆ ಸುಮಾರು 670 ಘನ ಮೀಟರ್ ಗಾಳಿ ಬೇಕು. ಅಷ್ಟು ಗಾಳಿಯನ್ನು 150 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ ಹಾಯಿಸಿದರೆ ಅದರ ವೇಗ ಸೆಕೆಂಡಿಗೆ 10 ಮೀಟರ್ ದಾಟಿ ಭೋರೆಂದು ಸದ್ದು ಮಾಡುತ್ತದೆ. 250 ಮಿಲಿಮೀಟರ್ ಕೊಳವೆಯಾದರೆ ವೇಗ 4 ಮೀಟರಿಗಿಂತ ಕೆಳಗೆ ಇಳಿದು ಸದ್ದು ಅಡಗುತ್ತದೆ. ಫ್ಯಾನಿನ ಆಯ್ಕೆಗೂ ಇದೇ ಸೂತ್ರ. ಸಣ್ಣ ಫ್ಯಾನನ್ನು ಜೋರಾಗಿ ತಿರುಗಿಸುವುದಕ್ಕಿಂತ ದೊಡ್ಡದನ್ನು ನಿಧಾನವಾಗಿ ತಿರುಗಿಸುವುದು ಮೇಲು, ಏಕೆಂದರೆ ಗಾಳಿಯ ಪ್ರಮಾಣ ವೇಗಕ್ಕೆ ತಕ್ಕಂತೆ ಏರಿದರೆ ವಿದ್ಯುತ್ತಿನ ಖರ್ಚು ವೇಗದ ಘನಕ್ಕೆ ತಕ್ಕಂತೆ ಏರುತ್ತದೆ.

ಇದಕ್ಕಿಂತ ಅಗ್ಗದ ಉಪಾಯ, ಶಾಖವನ್ನು ಒಳಗೇ ಬಿಟ್ಟುಕೊಳ್ಳದಿರುವುದು. ಕಂಪ್ಯೂಟರ್ ಮತ್ತು ಪ್ರೊಜೆಕ್ಟರ್‌ಗಳನ್ನು ಗೂಡಿನ ಹೊರಗಿಟ್ಟು ಕೇಬಲ್ ಮಾತ್ರ ಒಳಗೆ ಎಳೆದರೆ ಒಳಗೆ ಉಳಿಯುವುದು ಮನುಷ್ಯ, ಮೂರು ಮಾನಿಟರ್ ಮತ್ತು ಫಲಕ. ಒಟ್ಟು ಶಾಖ 270 ವ್ಯಾಟ್ ಆಸುಪಾಸು. ಆಗ ಗಂಟೆಗೆ 180 ಘನ ಮೀಟರ್ ಗಾಳಿ ಸಾಕು. ಮೊದಲು ಭೋರೆಂದ 150 ಮಿಲಿಮೀಟರ್ ಕೊಳವೆಯಲ್ಲೇ ಅದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಸದ್ದಿಲ್ಲದೆ ಹರಿಯುತ್ತದೆ. ಫ್ಯಾನಿಗೆ ಹಣ ಹಾಕುವ ಮುನ್ನ ಉದ್ದನೆಯ ಕೇಬಲ್‌ಗೆ ಹಾಕುವುದೇ ಜಾಣತನ.

ಉಸಿರಿನ ಲೆಕ್ಕ ಬೇರೆ

ಸೆಖೆಯನ್ನು ಮೈ ಗುರುತಿಸುತ್ತದೆ, ಕೆಟ್ಟ ಗಾಳಿಯನ್ನು ಅಷ್ಟು ಬೇಗ ಗುರುತಿಸುವುದಿಲ್ಲ. ಕುಳಿತಿರುವ ವ್ಯಕ್ತಿ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಹೊರಗಿನ ಗಾಳಿಯಲ್ಲಿ ಅದರ ಪ್ರಮಾಣ ದಶಲಕ್ಷಕ್ಕೆ 420 ಭಾಗದಷ್ಟು. 2 ಘನ ಮೀಟರಿನ ಗೂಡನ್ನು ಪೂರ್ತಿ ಬಿಗಿಯಾಗಿ ಮುಚ್ಚಿದರೆ ನಾಲ್ಕು ನಿಮಿಷದಲ್ಲಿ ಅದು 1000 ಭಾಗಕ್ಕೆ ಏರುತ್ತದೆ. ಅರ್ಧ ಗಂಟೆಯಲ್ಲಿ 5000 ಭಾಗ ಮುಟ್ಟುತ್ತದೆ, ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಕೆಲಸಕ್ಕೆ ಇಟ್ಟ ಮಿತಿ ಅದು. ಜೊತೆಗೆ ಸಹಚಾಲಕನೂ ಕುಳಿತರೆ ಅವಧಿ ಅರ್ಧಕ್ಕೆ ಇಳಿಯುತ್ತದೆ. ತಲೆ ಭಾರವಾಗುವುದು, ತೂಕಡಿಕೆ, ಇಳಿಯುವಾಗ ಲೆಕ್ಕ ತಪ್ಪುವುದು ಇವನ್ನು ಆಟದ ದಣಿವು ಎಂದುಕೊಳ್ಳುವವರೇ ಹೆಚ್ಚು. 1000 ಭಾಗದೊಳಗೆ ಇಡಲು ಒಬ್ಬರಿಗೆ ಗಂಟೆಗೆ 31 ಘನ ಮೀಟರ್ ಹೊಸ ಗಾಳಿ ಸಾಕು.

ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಶಾಖ ತೆಗೆಯಲು 670, ಉಸಿರಿಗೆ 31. ಶಾಖಕ್ಕೆಂದು ಗಾಳಿ ಹಾಯಿಸಿದರೆ ಉಸಿರಿನ ಗಾಳಿ ತಾನಾಗಿ ಸಿಗುತ್ತದೆ, ಆದರೆ ಆ ಗಾಳಿ ಹೊರಗಿನಿಂದ ಬಂದಿದ್ದರೆ ಮಾತ್ರ. ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ತಂಪು ಮಾಡಿ ಮತ್ತೆ ಕೋಣೆಗೇ ಬಿಡುತ್ತದೆ, ಹೊಸ ಗಾಳಿ ತರುವುದಿಲ್ಲ. ಬಾಗಿಲು ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆಯಲ್ಲಿ ಇನ್ನೊಂದು ಮುಚ್ಚಿದ ಗೂಡಿನೊಳಗೆ ಕೂತವರಿಗೆ ಮೈ ತಂಪಾಗಿದ್ದರೂ ಉಸಿರಿನ ಗಾಳಿ ಹಳಸಿರುತ್ತದೆ.

ಎರೆ ನಾಡಿನವರಿಗೆ ಇದು ಹೊಸ ವಿಷಯವಲ್ಲ. ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಹಗೇವಿನ ಬಾಯಿ ಕಿರಿದು, ಒಡಲು ಅಗಲ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಕಾಳು ಉಸಿರಾಡಿ ಆಮ್ಲಜನಕ ತೀರಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಬದುಕದೆ ಕಾಳು ವರ್ಷಗಟ್ಟಲೆ ಉಳಿಯುವುದು ಈ ಕಾರಣದಿಂದಲೇ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಈ ಅನಿಲ ತಳದಲ್ಲೇ ನಿಲ್ಲುತ್ತದೆ. ಹಗೇವು ತೆರೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಅದಕ್ಕೆಂದೇ ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಕಾಕ್‌ಪಿಟ್‌ನಲ್ಲಿ ಪರಿಸ್ಥಿತಿ ಅಷ್ಟು ಭೀಕರವಾಗುವುದಿಲ್ಲ, ಸಂದುಗಳಿಂದ ಸ್ವಲ್ಪವಾದರೂ ಗಾಳಿ ನುಸುಳುತ್ತದೆ. ಆದರೆ ಕಂದೀಲು ಆರದಷ್ಟು ಗಾಳಿಯಲ್ಲೂ ಮನುಷ್ಯನಿಗೆ ಮಂಪರು ಹಿಡಿಯಬಲ್ಲದು. ಆದ್ದರಿಂದ ಇಲ್ಲಿ ಬೇಕಾದದ್ದು ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್.

ಮಾಳಿಗೆ ಮನೆಯೊಳಗಿನ ಜಾಗ

ಕಾಕ್‌ಪಿಟ್ ತಾನು ನಿಂತ ಕೋಣೆಗಿಂತ ತಂಪಾಗಲಾರದು. ಒಳಗೆ ಬರುವ ಗಾಳಿ ಎಲ್ಲಿಯದೋ ಅಲ್ಲಿನ ಉಷ್ಣಾಂಶಕ್ಕಿಂತ ಮೇಲೆಯೇ ಒಳಗಿನದು ಇರುತ್ತದೆ. ಹಾಗಾಗಿ ಗೂಡನ್ನು ಹೇಗೆ ಕಟ್ಟಬೇಕೆಂಬುದಕ್ಕಿಂತ ಎಲ್ಲಿ ಇಡಬೇಕೆಂಬುದೇ ಮುಖ್ಯ.

ಈ ಭಾಗದ ಹಳೆಯ ಮಾಳಿಗೆ ಮನೆಗಳಿಗೆ ಕಲ್ಲು ಮಣ್ಣಿನ ದಪ್ಪ ಗೋಡೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಹಾಸಿದ ಕಟ್ಟಿಗೆ, ಎಲ್ಲದರ ಮೇಲೆ ಮಣ್ಣಿನ ದಪ್ಪ ಹೊದಿಕೆ, ಮಳೆನೀರು ಇಳಿಯದ ಹಾಗೆ ಸವುಳು ಮಣ್ಣು. ಅರ್ಧ ಮೀಟರ್ ದಪ್ಪದ ಮಣ್ಣಿನ ಗೋಡೆಯನ್ನು ಬಿಸಿಲಿನ ಶಾಖ ದಾಟಲು ಹನ್ನೆರಡು ಗಂಟೆಗೂ ಹೆಚ್ಚು ಬೇಕು. ಮಧ್ಯಾಹ್ನದ ಝಳ ಒಳಗೆ ಮುಟ್ಟುವಷ್ಟರಲ್ಲಿ ಹೊರಗೆ ನಡುರಾತ್ರಿ ಕಳೆದು ತಂಪಾಗಿರುತ್ತದೆ, ಅದೂ ಬಹಳ ಸೊರಗಿದ ರೂಪದಲ್ಲಿ. ಐದಿಂಚಿನ ಸಿಮೆಂಟ್ ತಾರಸಿಯನ್ನು ಅದೇ ಶಾಖ ಮೂರು ನಾಲ್ಕು ಗಂಟೆಯಲ್ಲಿ ದಾಟುತ್ತದೆ. ಮಧ್ಯಾಹ್ನ ಎರಡರ ಬಿಸಿಲು ಸಂಜೆ ಆರಕ್ಕೆ ತಾರಸಿಯ ಕೆಳಗಿನ ಕೋಣೆಗೆ ಇಳಿಯುತ್ತದೆ. ಕೆಲಸ ಮುಗಿಸಿ ಮನೆಗೆ ಬಂದವರು ಸಿಮ್ಯುಲೇಟರ್ ಮುಂದೆ ಕೂರುವ ಹೊತ್ತೂ ಅದೇ. ಬೇಸಿಗೆಯಲ್ಲಿ ಮೇಲಂತಸ್ತಿನ ಸಿಮೆಂಟ್ ಕೋಣೆ ಕಾಕ್‌ಪಿಟ್‌ಗೆ ಅತ್ಯಂತ ಕೆಟ್ಟ ಜಾಗ. ಬೇರೆ ದಾರಿಯೇ ಇಲ್ಲದಿದ್ದರೆ ತಾರಸಿಗೆ ಸುಣ್ಣವನ್ನೋ ಬಿಸಿಲು ಹಿಂದೆ ಹೊಡೆಯುವ ಬಿಳಿ ಬಣ್ಣವನ್ನೋ ಬಳಿಯಲೇಬೇಕು. ಹಳೆಯ ಮನೆ ಇದ್ದವರು ಪಡಸಾಲೆ ದಾಟಿ ಒಳಗಿನ ನಡುಮನೆಯನ್ನು ಆರಿಸಿಕೊಳ್ಳಬೇಕು. ಹೊರಗೋಡೆಯ ಬಿಸಿಲು ತಾಗದ ಆ ಕೋಣೆಯ ಕತ್ತಲೆಯೂ ಹಾರಾಟಕ್ಕೆ ಅನುಕೂಲ.

ಮಾಳಿಗೆಯ ಸೂರಿನಲ್ಲಿ ಬೆಳಕಿಂಡಿ ಇರುತ್ತದೆ. ಬೆಳಕಿನ ಜೊತೆಗೆ ಅದು ಹೊಗೆಯನ್ನೂ ಬಿಸಿಗಾಳಿಯನ್ನೂ ಹೊರಗೆ ಕಳಿಸುತ್ತದೆ. ಹಗುರಾದ ಬಿಸಿಗಾಳಿ ಮೇಲೇರಿ ಅಲ್ಲಿಂದ ಹೋದಂತೆ ಬಾಗಿಲ ಕೆಳಗಿನಿಂದ ತಂಪು ಗಾಳಿ ಒಳಕ್ಕೆ ಸರಿಯುತ್ತದೆ. ಕಾಕ್‌ಪಿಟ್‌ನ ಗಾಳಿಯ ದಾರಿಯೂ ಹೀಗೆಯೇ ಇರಬೇಕು. ಒಳಬರುವ ಬಾಯಿ ಕಾಲ ಬಳಿ, ನೆಲಕ್ಕೆ ಹತ್ತಿರ. ಹೊರಹೋಗುವ ಬಾಯಿ ತಲೆಯ ಮೇಲೆ, ಮಾನಿಟರ್‌ಗಳ ಹಿಂದೆ. ಅಲ್ಲಿಂದ ಕೊಳವೆ ಬೆಳಕಿಂಡಿಗೆ ಅಥವಾ ಹೊರಗೋಡೆಗೆ. ಹಲವು ಕಾಕ್‌ಪಿಟ್‌ಗಳಲ್ಲಿ ಗೂಡಿನ ಬಿಸಿಗಾಳಿಯನ್ನು ಅದೇ ಕೋಣೆಗೆ ಬಿಡುತ್ತಾರೆ. ಹಾಗೆ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಕೋಣೆ ಬಿಸಿಯಾಗಿ, ಫ್ಯಾನ್ ಎಷ್ಟೇ ತಿರುಗಿದರೂ ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಶಾಖ ಮನೆಯ ಹೊರಗೇ ಹೋಗಬೇಕು.

ಗಜೇಂದ್ರಗಡದ ನೇಕಾರರ ಕುಣಿಮಗ್ಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಈ ಊರಿನಲ್ಲಿ ನೇಯುವವರು ನೆಲಮಟ್ಟದಲ್ಲಿ ಕುಳಿತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಕುಣಿಯ ಮಣ್ಣು ತಂಪಾಗಿಯೂ ತುಸು ತೇವವಾಗಿಯೂ ಇರುವುದರಿಂದ ನೂಲಿಗೂ ಒಳ್ಳೆಯದು, ಕೂತವರಿಗೂ ಹಿತ. ಕೋಣೆಯಲ್ಲಿ ತಂಪು ಗಾಳಿ ಸೇರುವುದು ತಳದಲ್ಲಿ. ಕಾಕ್‌ಪಿಟ್ ಕಟ್ಟುವವರು ಎತ್ತರದ ವೇದಿಕೆ ಮಾಡಿ ಆಸನ ಏರಿಸಿದಷ್ಟೂ ತಲೆ ಬಿಸಿಗಾಳಿಯ ಪದರಕ್ಕೆ ಹೋಗುತ್ತದೆ.

ಋತುವಿಗೆ ತಕ್ಕ ತಂಪು

ಬೇಸಿಗೆಯ ಒಣ ಗಾಳಿ ಕೂಲರ್‌ಗೆ ಹೇಳಿ ಮಾಡಿಸಿದ್ದು. 38 ಡಿಗ್ರಿ ಉಷ್ಣಾಂಶ, ಶೇಕಡಾ 25 ತೇವಾಂಶ ಇರುವಾಗ ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 23 ಡಿಗ್ರಿ ತೋರಿಸುತ್ತದೆ. ಕೂಲರ್ ಮುಟ್ಟಬಹುದಾದ ಕೆಳಮಿತಿ ಅದು. ಮನೆಬಳಕೆಯ ಕೂಲರ್ ಆ ಅಂತರದ ಮುಕ್ಕಾಲು ಪಾಲು ಇಳಿಸಬಲ್ಲದು, ಅಂದರೆ 27ರ ಹತ್ತಿರದ ಗಾಳಿ ಸಿಗುತ್ತದೆ. ಎಸಿಯ ವಿದ್ಯುತ್ತಿನ ಸಣ್ಣ ಪಾಲಿನಲ್ಲಿ ಇಷ್ಟು ಸಿಗುವುದು ದೊಡ್ಡ ಲಾಭ. ಅದಲ್ಲದೆ ಕೂಲರ್ ಹೊಸ ಗಾಳಿಯನ್ನೇ ತರುವುದರಿಂದ ಉಸಿರಿನ ಲೆಕ್ಕವೂ ಸರಿಹೋಗುತ್ತದೆ. ಅದನ್ನು ಕಿಟಕಿಯ ಹೊರಗಿಟ್ಟು ಕೋಣೆಗೆ ಊದಿಸಿ, ಆ ಗಾಳಿಯನ್ನು ಕಾಕ್‌ಪಿಟ್ ಎಳೆದುಕೊಳ್ಳುವಂತೆ ಮಾಡಬೇಕು. ನೇರವಾಗಿ ಗೂಡಿಗೆ ಜೋಡಿಸಬಾರದು. ಪ್ಯಾಡಿನಿಂದ ಹಾರುವ ಸಣ್ಣ ಹನಿಗಳಲ್ಲಿ ಉಪ್ಪಿರುತ್ತದೆ, ಅದು ಸರ್ಕ್ಯೂಟ್ ಬೋರ್ಡಿನ ಮೇಲೆ ಬಿದ್ದರೆ ತುಕ್ಕು ಹಿಡಿಯುತ್ತದೆ. ಈ ಭಾಗದ ಕೊಳವೆಬಾವಿಗಳಲ್ಲಿ ಸವುಳು ನೀರೇ ಹೆಚ್ಚಾದ್ದರಿಂದ ಪ್ಯಾಡ್ ಬೇಗ ಬಿಳಿಗಟ್ಟುತ್ತದೆ. ತೊಟ್ಟಿಯ ನೀರನ್ನು ಆಗಾಗ ಪೂರ್ತಿ ಚೆಲ್ಲಿ ಬದಲಿಸಬೇಕು, ಸಾಧ್ಯವಿದ್ದರೆ ಹೊಳೆನೀರು ಬಳಸಬೇಕು.

ಜೂನ್‌ನಿಂದ ಚಿತ್ರ ಬದಲಾಗುತ್ತದೆ. ಪಡುವಣ ಗಾಳಿ ಜೋರಾಗಿ ಬೀಸುತ್ತದೆ, ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಈ ಗಾಳಿಯನ್ನು ನಂಬಿಕೊಂಡೇ. 29 ಡಿಗ್ರಿ, ಶೇಕಡಾ 75 ತೇವಾಂಶದಲ್ಲಿ ಕೂಲರ್ ಎರಡು ಮೂರು ಡಿಗ್ರಿಗಿಂತ ಹೆಚ್ಚು ಇಳಿಸಲಾರದು, ಮೇಲಾಗಿ ಮೈಗೆ ಅಂಟು ತರುತ್ತದೆ. ಆಗ ನೀರು ನಿಲ್ಲಿಸಿ ಬರೀ ಫ್ಯಾನ್ ನಡೆಸಬೇಕು. ಬಿಸಿಗಾಳಿಯ ಕೊಳವೆಯನ್ನು ಪಶ್ಚಿಮದ ಗೋಡೆಗೆ ಕೊಟ್ಟರೆ ಬೀಸುವ ಗಾಳಿ ಅದನ್ನು ಒಳಕ್ಕೆ ತಳ್ಳುತ್ತದೆ. ಪೂರ್ವದ ಗೋಡೆಗೆ ಕೊಟ್ಟರೆ ಗಾಳಿಮರೆಯ ಸೆಳೆತ ಫ್ಯಾನಿಗೆ ನೆರವಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಕೋಣೆಯ ಗಾಳಿಯೇ ತಂಪಾಗಿರುವುದರಿಂದ ಕೂಲರ್ ಬೇಕಿಲ್ಲ, ಆದರೆ ಗೂಡಿನ ಶಾಖ ಹೊರಹಾಕುವ ಫ್ಯಾನ್ ನಡೆಯುತ್ತಲೇ ಇರಬೇಕು.

ಎಸಿ ಹಾಕುವವರು 1 ಟನ್ ಎಂದರೆ 3.5 ಕಿಲೋವ್ಯಾಟ್ ಶಾಖ ಎಂದು ನೆನಪಿಡಬೇಕು. ಸಿಮ್ಯುಲೇಟರ್ ಒಂದೇ ಅದರ ಕಾಲುಭಾಗಕ್ಕಿಂತ ಹೆಚ್ಚು ತಿನ್ನುತ್ತದೆ.

ಮೈಗೆ ಗಾಳಿ ತಾಗಿಸುವುದೂ ತಂಪಿನ ಭಾಗವೇ. ಸೆಕೆಂಡಿಗೆ 0.8 ಮೀಟರ್ ವೇಗದ ಗಾಳಿ ಎದೆ, ಕೈಗಳಿಗೆ ತಾಗಿದರೆ ಎರಡು ಮೂರು ಡಿಗ್ರಿ ತಂಪಾದಂತೆ ಅನಿಸುತ್ತದೆ. ವಿಮಾನದ ಆಸನದ ಮೇಲೆ ತಿರುಗಿಸುವ ಗಾಳಿಗುಂಡಿ ಇರುವುದು ಇದಕ್ಕಾಗಿ. ಅಂಥದ್ದನ್ನೇ ಇಲ್ಲೂ ಕೂರಿಸಬಹುದು, ಕಣ್ಣಿಗೆ ನೇರ ಹೊಡೆಯದಂತೆ. ವಿಆರ್ ಕನ್ನಡಕ ಧರಿಸುವವರಿಗೆ ಗಾಜು ಮಸುಕಾಗದಿರಲೂ ಈ ಗಾಳಿ ಬೇಕು.

ಧೂಳು, ವಿದ್ಯುತ್, ಬೆಂಕಿ

ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಹೊಲಗಳಿಂದ ಏಳುವ ಧೂಳು ಬಲು ನಯ. ಎಳೆಯುವ ಫ್ಯಾನ್ ಮಾತ್ರ ಇದ್ದರೆ ಗೂಡಿನ ಪ್ರತಿ ಸಂದಿಯಿಂದಲೂ ಧೂಳು ಒಳನುಗ್ಗುತ್ತದೆ. ಒಳಬರುವ ಬಾಯಿಗೆ ಅಗಲವಾದ ಫಿಲ್ಟರ್ ಹಾಕಿ, ಅಲ್ಲಿ ಊದುವ ಫ್ಯಾನನ್ನು ಎಳೆಯುವ ಫ್ಯಾನಿಗಿಂತ ಸ್ವಲ್ಪ ಬಲವಾಗಿ ಇಟ್ಟರೆ ಒಳಗಿನ ಒತ್ತಡ ತುಸು ಹೆಚ್ಚಿ, ಸಂದುಗಳಿಂದ ಗಾಳಿ ಹೊರಕ್ಕೇ ಸೋರುತ್ತದೆ. ಫಿಲ್ಟರ್ ತುಂಬಿದಷ್ಟೂ ಗಾಳಿ ಕುಗ್ಗುವುದರಿಂದ ಸುಗ್ಗಿಯ ಮತ್ತು ಬೇಸಿಗೆಯ ದಿನಗಳಲ್ಲಿ ವಾರಕ್ಕೊಮ್ಮೆ ಕೊಡವಬೇಕು.

ಕರೆಂಟು ಹೋದಾಗಿನ ಕ್ಷಣವನ್ನು ಮೊದಲೇ ಯೋಚಿಸಿರಬೇಕು. ಯುಪಿಎಸ್‌ಗೆ ಕಂಪ್ಯೂಟರ್ ಮಾತ್ರ ಜೋಡಿಸಿದ್ದರೆ ಫ್ಯಾನ್ ನಿಲ್ಲುತ್ತದೆ, ಶಾಖ ಮಾತ್ರ ಮುಂದುವರಿಯುತ್ತದೆ. ಹಾರಾಟದಲ್ಲಿ ಮುಳುಗಿದವರು ಅದನ್ನು ತಡವಾಗಿ ಗಮನಿಸುತ್ತಾರೆ. ಫ್ಯಾನ್ ಮತ್ತು ಒಂದು ಸಣ್ಣ ದೀಪ ಯುಪಿಎಸ್ ಮೇಲೆಯೇ ಇರಬೇಕು. ಫ್ಯಾನ್ ನಿಂತರೂ ಬಿಸಿಗಾಳಿ ತಾನಾಗಿ ಏರಿ ಹೋಗುವಂತೆ ಮೇಲ್ಭಾಗದಲ್ಲಿ ತೆರೆಯುವ ಮುಚ್ಚಳ ಇರಬೇಕು. ಬಾಗಿಲು ಒಳಗಿನಿಂದ ಒಂದೇ ತಳ್ಳಿಗೆ ತೆರೆಯಬೇಕು, ಹೊರಗಿನಿಂದ ಚಿಲಕ ಇರಲೇಬಾರದು. ಮಕ್ಕಳಿರುವ ಮನೆಯಲ್ಲಿ ಇದು ಎಲ್ಲಕ್ಕಿಂತ ಮೊದಲ ನಿಯಮ. ಜನರೇಟರ್ ಬಳಸುವವರು ಅದನ್ನು ಗಾಳಿ ಎಳೆಯುವ ಬಾಯಿಯಿಂದ, ಕಿಟಕಿ ಬಾಗಿಲುಗಳಿಂದ ಬಹುದೂರ, ಬಯಲಿನಲ್ಲಿಡಬೇಕು. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಸದ್ದು ಹೀರಲೆಂದು ಒಳಗೆ ಅಂಟಿಸುವ ಸಾಮಾನ್ಯ ಫೋಮ್ ಬೇಗ ಹೊತ್ತಿಕೊಂಡು ದಟ್ಟ ವಿಷಹೊಗೆ ಬಿಡುತ್ತದೆ. ಬೆಂಕಿ ತಡೆಯುವ ದರ್ಜೆಯದನ್ನೇ ಕೊಳ್ಳಬೇಕು, ಅಡಾಪ್ಟರ್‌ಗಳನ್ನು ಅದಕ್ಕೆ ತಾಗಿಸಬಾರದು. ಹತ್ತಾರು ಅಡಾಪ್ಟರ್‌ಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸದೆ, ಸರಿಯಾದ ಅರ್ಥಿಂಗ್ ಮತ್ತು ಎಂಸಿಬಿ ಇರುವ ಬೇರೆ ಲೈನ್ ಎಳೆಸಬೇಕು. ಹೊಗೆ ಪತ್ತೆಮಾಡುವ ಸಾಧನವನ್ನು ಗೂಡಿನ ಒಳಗೆ ಮೇಲ್ಗಡೆ, ಬಿಸಿಗಾಳಿ ಹೊರಹೋಗುವ ಬಾಯಿಯ ಪಕ್ಕದಲ್ಲಿ ಕೂರಿಸುವುದು ಸೂಕ್ತ. ಒಳಗಿನ ಗಾಳಿಯ ಬಹುಪಾಲು ಹಾಯುವುದು ಅಲ್ಲಿಯೇ.